ವಾಪಸು ಬಾರದ ಫಟಾಫಟ್

‘ಫಟಾಫಟ್’ ವಿಡಿಯೊ ಗೇಮ್ ಮಾಡುವುದನ್ನು ನಿಲ್ಲಿಸಿಬಿಡುವುದಾ, ಇನ್ನೊಂದು ಸೀಸನ್ ಎಳೆಯುವುದಾ ಎಂದು ಮಾಲೀಕ ತಾರಾನಾಥರು ವರ್ಷಕ್ಕೆ ಎರಡು ಸಲ ಕೇಳುತ್ತಿದ್ದರು. ದೀಪಾವಳಿಗೆ ಮೊದಲು ಒಮ್ಮೆ, ಮೇ ರಜೆಗೆ ಮೊದಲು ಒಮ್ಮೆ. ಕೇಳುತ್ತಿದ್ದುದು ಹೆಂಡತಿಯನ್ನೂ ಅಲ್ಲ, ಸಿಎಯನ್ನೂ ಅಲ್ಲ, ವಿನೋದಕ್ಕನನ್ನು. ತಯಾರಾದ ಪೀಸನ್ನು ಪರೀಕ್ಷಿಸಿ ಪಾಸು ಮಾಡುವವಳಿಗೆ ಗೊತ್ತಿಲ್ಲದ್ದು ಮತ್ಯಾರಿಗೆ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ವಿನೋದಕ್ಕನ ಉತ್ತರವೂ ವರ್ಷಕ್ಕೆ ಎರಡು ಸಲ ಒಂದೇ: “ಆರ್ಡರ್ ಉಂಟಲ್ಲ ತಾರಾನಾಥಣ್ಣ, ನಡೀಲಿ.”

ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಅವರ ಗಾಳಾ. ಗಾಳಾ ಎಂದರೆ ಒಂದು ಉದ್ದನೆಯ ಕೋಣೆ, ಒಂದು ಲೈನು, ಮೂಲೆಯಲ್ಲಿ ಗಾಜಿನ ಗೂಡಿನಂಥ ಆಫೀಸು, ಅಷ್ಟೇ. ಲೈನಿನಲ್ಲಿ ವಿನೋದಕ್ಕನನ್ನು ಬಿಟ್ಟು ಏಳು ಮಂದಿ ಹೆಂಗಸರು. ಒಬ್ಬಳು ಬೋರ್ಡಿಗೆ ಬೆಸುಗೆ ಹಾಕಿದರೆ, ಇನ್ನೊಬ್ಬಳು ವಯರು ಕೂರಿಸುತ್ತಾಳೆ, ಮತ್ತೊಬ್ಬಳು ಬೂದು ಬಣ್ಣದ ಡಬ್ಬಿಯ ಸ್ಕ್ರೂ ತಿರುಗಿಸುತ್ತಾಳೆ. ಕೊನೆಗೆ ಪೀಸು ಬಂದು ನಿಲ್ಲುವುದು ವಿನೋದಕ್ಕನ ಮೇಜಿಗೆ. ಅವಳು ಅದಕ್ಕೊಂದು ಹಳದಿ ಕ್ಯಾಸೆಟ್ ಚುಚ್ಚಿ, ಟಿವಿಗೆ ಜೋಡಿಸಿ, ಮೂರು ನಿಮಿಷ ಆಡಬೇಕು. ಒಂದು ಮೊಲ ಬಾವಿ ಹಾರುವ ಆಟ. ಹದಿನೆಂಟು ವರ್ಷದಲ್ಲಿ ಆ ಮೊಲವನ್ನು ಎಷ್ಟು ಸಾವಿರ ಸಲ ಬಾವಿ ದಾಟಿಸಿದ್ದಾಳೋ ದೇವರೇ ಬಲ್ಲ. ಎರಡನೆಯ ಬಾವಿಯ ಆಚೆ ಏನಿದೆ ಎಂದು ಮಾತ್ರ ಅವಳಿಗೆ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಅಷ್ಟರೊಳಗೆ ಮೂರು ನಿಮಿಷ ಮುಗಿದು ಡಬ್ಬಿಯ ಬೆನ್ನಿಗೆ ‘ಪಾಸ್’ ಚೀಟಿ ಬಿದ್ದಿರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಫಟಾಫಟ್ ಓಡಿದ ಓಟವೇನು ಕೇಳುತ್ತೀರಿ! ಆಗ ಈ ಕಡೆ ಠಾಣೆಯಿಂದ ಆ ಕಡೆ ಕಲ್ಯಾಣದವರೆಗೆ ಹುಟ್ಟುಹಬ್ಬಕ್ಕೆ ಅದನ್ನು ಕೇಳದ ಮಗುವಿರಲಿಲ್ಲ. ಆಮೇಲೆ ಕಂಪ್ಯೂಟರ್ ಬಂತು, ಸಿಡಿ ಹಾಕುವ ದೊಡ್ಡ ಗೇಮು ಬಂತು, ಆಮೇಲೆ ಮೊಬೈಲು ಬಂತು. ವಾಶಿಯ ಶಾಪಿಂಗ್ ಮಾಲಿನವರು ಫಟಾಫಟ್ ಹೆಸರು ಹೇಳಿದರೆ ನಗುವ ಕಾಲವೂ ಬಂತು. ಡೀಲರುಗಳು ಒಬ್ಬೊಬ್ಬರೇ ಜಾರಿಕೊಂಡರು. ಉಳಿದವರು ಒಬ್ಬರೇ, ಕಲ್ಯಾಣದ ಹೋಲ್‌ಸೇಲ್ ವ್ಯಾಪಾರಿ ಶಿವಪ್ಪನವರು. ಗದಗ ಕಡೆಯವರು, ಕಲ್ಯಾಣ ಸ್ಟೇಷನ್ನಿನ ಹತ್ತಿರ ಮೂವತ್ತು ವರ್ಷದಿಂದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಪ್ರತಿ ಸೀಸನ್ನಿಗೆ ತಪ್ಪದೆ ಆರುನೂರು ಪೀಸಿನ ಆರ್ಡರು. ಉಳಿದ ತಿಂಗಳುಗಳಲ್ಲಿ ಚಾರ್ಜರ್ ಜೋಡಿಸುವ ಚಿಲ್ಲರೆ ಕೆಲಸ ಮಾಡಿ ಲೈನು ಹೇಗೋ ಉಸಿರಾಡುತ್ತಿತ್ತು.

ಎರಡು ಸಾವಿರದ ಹನ್ನೆರಡರಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಮೊದಲನೆಯದು ಚಿಪ್ ತರಿಸಿಕೊಡುವ ಏಜೆಂಟನದು. ಫಟಾಫಟ್‌ಗೆ ಹಾಕುವ ಚಿಪ್ಪನ್ನು ಹೊರದೇಶದಲ್ಲಿ ಇನ್ನು ಮಾಡುವುದಿಲ್ಲವಂತೆ, ಕೊನೆಯ ಲಾಟು ಒಂದಿದೆ, ಬೇಕಿದ್ದರೆ ಪೂರ್ತಿ ಎತ್ತಿಕೊಳ್ಳಿ, ಎರಡು ವರ್ಷಕ್ಕೆ ಸಾಕಾಗುತ್ತದೆ. ಎರಡನೆಯದನ್ನು ತಂದವರು ಹೃಷೀಕೇಶ. ನವಿ ಮುಂಬೈಯ ಮಹಾಪೆಯಲ್ಲಿ ಕೇಬಲ್ ಟಿವಿಯ ಸೆಟ್‌ಟಾಪ್ ಬಾಕ್ಸ್ ಮಾಡುವ ಹೊಸ ಫ್ಯಾಕ್ಟರಿಯ ಇಂಜಿನಿಯರು, ಬೆಳಗಾವಿಯ ಹುಡುಗ. ಮನೆಮನೆಗೂ ಆ ಡಬ್ಬಿ ಹಾಕಲೇಬೇಕೆಂದು ಸರ್ಕಾರ ಹೇಳಿದ ವರ್ಷ ಅದು. ಅವರಿಗೆ ಕೈ ಪಳಗಿದ ಹೆಂಗಸರು ತುರ್ತಾಗಿ ಬೇಕಾಗಿತ್ತು.

ಅಕ್ಟೋಬರಿನ ಎರಡನೇ ಬುಧವಾರ ಹೃಷೀಕೇಶ ಗಾಳಾಕ್ಕೆ ಬಂದು ಲೈನಿನ ಹಿಂದೆ ಕೈಕಟ್ಟಿ ಅರ್ಧ ಗಂಟೆ ನಿಂತು ನೋಡಿದರು. ಆಮೇಲೆ ಅಲ್ಲೇ ನಿಂತು ತಾರಾನಾಥರಿಗೂ ವಿನೋದಕ್ಕನಿಗೂ ಕನ್ನಡದಲ್ಲೇ ಹೇಳಿದರು: “ಏಳೂ ಜನರನ್ನ ತಗೋತೀವಿ. ಪರ್ಮನೆಂಟ್, ಪಿಎಫ್, ಕಂಪನಿ ಬಸ್ಸು. ಆದರೆ ಸೋಮವಾರ ಹದಿನೈದಕ್ಕೆ ಹೆಸರು ನನ್ನ ಕೈಯಲ್ಲಿರಬೇಕು. ಆಮೇಲೆ ಐರೋಲಿಯಿಂದ ಬೇರೆ ಬ್ಯಾಚ್ ಬರ್ತದೆ.” ಹಾಗೆಂದು ವಿನೋದಕ್ಕನ ಮುಖ ನೋಡಿದರು. “ನಿಮ್ಮ ವಯಸ್ಸು, ಅಮ್ಮಾ?”

“ಐವತ್ತೆರಡು.”

“ನಮ್ಮಲ್ಲಿ ನಲವತ್ತೈದು ದಾಟಿದವರನ್ನ ಹೊಸದಾಗಿ ತಗೊಳ್ಳೂದಿಲ್ಲ. ನನ್ನ ಕೈಯಾಗ ಇಲ್ಲ ಅದು. ತಪ್ಪು ತಿಳೀಬ್ಯಾಡ್ರಿ.”

ತಿಳಿಯುವುದಕ್ಕೇನು ಉಳಿಯಿತು? ಲೈನು ನಿಂತರೆ ಏಳು ಮಂದಿಗೆ ಬಸ್ಸು, ಒಬ್ಬಳಿಗೆ ಮನೆ. ಮನೆಯಲ್ಲಿ ಗಂಡ ಜಯಶೀಲ, ಮೊಣಕಾಲು ಹೋಗಿ ಹೊಟೇಲಿನ ಸಪ್ಲಾಯರ್ ಕೆಲಸ ಬಿಟ್ಟು ನಾಲ್ಕು ವರ್ಷವಾಗಿದೆ. ವರ್ತಕ ನಗರದ ಆ ಒಂದೂವರೆ ಕೋಣೆ ನಡೆಯುತ್ತಿದ್ದುದೇ ವಿನೋದಕ್ಕನ ಪಗಾರದಲ್ಲಿ.

ತಾರಾನಾಥರು ಎಂದಿನಂತೆ ಅವಳ ಕಡೆ ತಿರುಗಿದರು. “ಈಗ ಹೇಳು ವಿನೋದ. ಚಿಪ್ ಎತ್ತಿದರೆ ಎರಡು ವರ್ಷ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಇವರನ್ನು ಬಿಡಲಿಕ್ಕೂ ಆಗುವುದಿಲ್ಲ. ಎತ್ತದಿದ್ದರೆ ಶಿವಪ್ಪನವರಿಗೆ ಎಂತ ಹೇಳುವುದು? ಆರ್ಡರ್ ಬಂದು ಕೂತಿದೆ.”

“ಆರ್ಡರ್ ಉಂಟಲ್ಲ,” ಎಂದಳು ವಿನೋದಕ್ಕ. ಬಾಯಿ ಅಭ್ಯಾಸದಿಂದಲೇ ಹೇಳಿತು. ಜೊತೆಗೆ ಸ್ವಲ್ಪ ಜಂಬವೂ ಸೇರಿಕೊಂಡಿತು. ಹೃಷೀಕೇಶನ ಕಡೆ ತಿರುಗಿ, “ನಾಲ್ಕು ವರ್ಷದಿಂದ ಒಂದೇ ಒಂದು ಪೀಸು ರಿಪೇರಿಗೆ ವಾಪಸು ಬಂದಿಲ್ಲ ಸರ್. ನಿಮ್ಮ ಕಂಪನಿಯಲ್ಲಿ ಹೀಗೆ ಉಂಟಾ?” ಎಂದು ಕೇಳಿದಳು.

ಆತ ನಗಲಿಲ್ಲ. “ಒಂದೂ ಇಲ್ಲವೇ?”

“ಒಂದೂ ಇಲ್ಲ. ಪುಸ್ತಕ ನೋಡಿ ಬೇಕಾದ್ರೆ.”

“ಹಂಗೆ ಆಗೂದಿಲ್ಲ ಅಮ್ಮಾ. ಎಷ್ಟು ಛಲೋ ಮಾಡಿದ್ರೂ ನೂರಕ್ಕ ಒಂದೆರಡು ವಾಪಸು ಬರಲೇಬೇಕು. ನೀರು ಚೆಲ್ತಾರ, ಹುಡುಗರು ವಯರು ಜಗ್ತಾರ, ಇಲಿ ಕಡೀತದ. ಒಂದೂ ಬಂದಿಲ್ಲ ಅಂದ್ರ ಯಾರೂ ಸ್ವಿಚ್ಚೇ ಹಾಕಿಲ್ಲ ಅಂತ ಅರ್ಥ.” ಇಷ್ಟು ಹೇಳಿ ಚಹಾ ಕುಡಿದು ಹೋದರು.

ಎಂಥ ಅಧಿಕಪ್ರಸಂಗಿ ಎಂದು ವಿನೋದಕ್ಕ ಆ ದಿನವಿಡೀ ಅವರನ್ನು ಮನಸ್ಸಿನಲ್ಲೇ ಬೈದಳು. ನಿನ್ನೆ ಮೊನ್ನೆ ಕಾಲೇಜು ಬಿಟ್ಟವನು, ಹದಿನೆಂಟು ವರ್ಷ ಪಾಸು ಚೀಟಿ ಅಂಟಿಸಿದವಳಿಗೆ ಪಾಠ ಹೇಳುವುದೆಂದರೇನು? ಆದರೆ ಬೈದಷ್ಟೂ ಆ ಮಾತು ಕಿವಿಯಲ್ಲೇ ಕೂತಿತು. ಮೊದಲೆಲ್ಲ ಮೇ ಮುಗಿಯುತ್ತಿದ್ದಂತೆ ಗೋಣಿಚೀಲ ತುಂಬ ಹಾಳಾದ ಪೀಸು ಬರುತ್ತಿದ್ದುದು ನಿಜ. ಬಟನ್ ಒತ್ತಿ ಒತ್ತಿ ಒಳಗೆ ಹೋದವು, ಶರಬತ್ತು ಕುಡಿದವು. ಬರುವುದು ನಿಂತಾಗ ಅವಳು ತನ್ನ ಕೈಗುಣ ಎಂದುಕೊಂಡಿದ್ದಳು. ಮಹಾಪೆಯ ಕೆಲಸದ ವಿಷಯವನ್ನು ಲೈನಿನವರಿಗೆ ಅವಳು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಬುಧವಾರ ಅಂದುಕೊಂಡಳು, ಗುರುವಾರವೂ ಅಂದುಕೊಂಡಳು.

ಶುಕ್ರವಾರ ವಾಗ್ಳೆ ಎಸ್ಟೇಟಿಗೆ ವಾರದ ರಜೆ. ವಿನೋದಕ್ಕ ಹತ್ತೂವರೆಯ ಸ್ಲೋ ಲೋಕಲ್ ರೈಲು ಹಿಡಿದು ಕಲ್ಯಾಣದಲ್ಲಿ ಇಳಿದಳು. ರಿಕ್ಷಾದವರ ಗದ್ದಲ ದಾಟಿ ಶಿವಪ್ಪನವರ ಅಂಗಡಿಗೆ ಹೋದರೆ ಗಿರಾಕಿಗಳು ಫ್ಯಾನಿಗೂ ಸೀರಿಯಲ್ ಲೈಟಿಗೂ ಮುಗಿಬಿದ್ದಿದ್ದರು.

“ಬರ್ರಿ ಬರ್ರಿ ಅಕ್ಕಾರ, ಏನ್ ಈ ಕಡೆ ದಾರಿ ತಪ್ಪಿ ಬಂದ್ರಿ?” ಎಂದು ಶಿವಪ್ಪ ಸ್ಟೂಲು ಎಳೆದು ಕೂರಿಸಿದರು. ಹೆಂಡತಿ ಕಾಳವ್ವ ಒಳಗಿನಿಂದ ನೀರು ತಂದಳು. ಅಂಗಡಿಯ ಹಿಂದೆಯೇ ಅವರ ಮನೆ.

ವಿನೋದಕ್ಕ ಸುತ್ತಿ ಬಳಸಿ ಮಾತಾಡುವ ಪೈಕಿಯಲ್ಲ. “ನಮ್ಮ ಫಟಾಫಟ್ ಎಲ್ಲಿ ಇಟ್ಟಿದ್ದೀರಿ, ಒಮ್ಮೆ ನೋಡಬೇಕಿತ್ತು. ಡಬ್ಬಿಯ ಬಣ್ಣದ ಬಗ್ಗೆ ಒಂದು ಡೌಟು,” ಎಂದಳು. ಅಷ್ಟು ಸುಳ್ಳು ಬೇಕಾಯಿತು.

ಶಿವಪ್ಪನವರ ಮುಖ ಸಣ್ಣದಾಯಿತು. “ಈಗ ಸ್ಟಾಕ್ ಕಡಿಮಿ ಐತ್ರಿ, ಎಲ್ಲಾ ಹೋಗಿ ಬಿಟ್ಟಾವ,” ಎಂದು ಅವರು ತೊದಲುವಷ್ಟರಲ್ಲಿ ಕಾಳವ್ವ ಗಂಡನ ಕಡೆ ನೋಡಿ, “ಎಷ್ಟ ದಿನಾ ಮುಚ್ಚಿಡತೀರಿ? ಬಾ ಯಕ್ಕಾ ಇಲ್ಲೆ,” ಎಂದು ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಮಲಗುವ ಕೋಣೆಯ ಮೇಲೆ ಗೋಡೆಯಿಂದ ಗೋಡೆಗೆ ಒಂದು ಅಟ್ಟ. ಅದರ ತುಂಬ ಫಟಾಫಟ್. ಮಂಚದ ಕೆಳಗೆ ಫಟಾಫಟ್. ಹೊಲಿಗೆ ಮಷೀನಿನ ಹಿಂದೆ ಫಟಾಫಟ್. ಕಾಳವ್ವ ಒಂದು ಡಬ್ಬಿ ಎಳೆದು ಸೆರಗಿನಿಂದ ಧೂಳು ಒರೆಸಿ ಕೊಟ್ಟಳು. ಬೆನ್ನಿಗೆ ವಿನೋದಕ್ಕನದೇ ಅಕ್ಷರ: ಪಾಸ್, ಎಪ್ರಿಲ್ ಎರಡು ಸಾವಿರದ ಒಂಬತ್ತು. ಸೀಲು ಒಡೆದಿರಲಿಲ್ಲ.

ವಿನೋದಕ್ಕ ಮಂಚದ ಮೇಲೆ ಕುಳಿತುಬಿಟ್ಟಳು.

“ಇಲ್ಲಿ ಇಷ್ಟ ಐತಿ ಅಂತ ತಿಳೀಬ್ಯಾಡ್ರಿ,” ಎಂದು ಬಾಗಿಲಲ್ಲಿ ನಿಂತ ಶಿವಪ್ಪ ಒಪ್ಪಿಕೊಂಡರು. “ಡೊಂಬಿವಲಿಯಾಗ ಇಬ್ಬರ ಅಂಗಡ್ಯಾಗ ಅದಾವ, ಉಲ್ಹಾಸನಗರದಾಗ ಮೂವರ ಹತ್ರ ಅದಾವ. ಎಲ್ಲಾ ನಮ್ಮ ಮಂದೀನ. ನೀ ಐವತ್ತ ತಗೋ, ನಾ ಇನ್ನೂರ ತಗೋತೀನಿ ಅಂತ ಹಂಚಿಕೊಂಡೀವಿ. ವರ್ಷಕ್ಕ ಹತ್ತ ಪೀಸ ಸುದ್ದಾ ಹೋಗೂದಿಲ್ಲ.”

“ಹಾಗಾದ್ರೆ ಆರ್ಡರ್ ಯಾಕೆ ಕೊಡ್ತೀರಿ ಮಾರಾಯ್ರೆ?”

ಶಿವಪ್ಪ ಹೆಂಡತಿಯ ಮುಖ ನೋಡಿದರು. ಕಾಳವ್ವನೇ ಹೇಳಿದಳು. “ನೀನ ಕೇಳಿದ್ದಿ ಅಲ್ಲ ಯಕ್ಕಾ. ಡೊಂಬಿವಲಿ ಕನ್ನಡ ಸಂಘದಾಗ ಅರಿಷಿಣ ಕುಂಕುಮಾ ಇತ್ತು. ನಾನ ನಿನಗ ಉಡಿ ತುಂಬಿದೆ. ಆವಾಗ ನೀ ಅಂದಿ, ‘ನಿಮ್ಮ ಯಜಮಾನರ ಆರ್ಡರ್ ಒಂದು ನಿಂತರೆ ನಮ್ಮ ಎಂಟು ಮನೆಯ ಒಲೆ ಉರಿಯುವುದಿಲ್ಲ’ ಅಂತ. ಉಡಿಯೊಳಗ ಅಕ್ಕಿ, ಕೊಬ್ಬರಿ ಹಾಕಿಸಿಕೊಂಡ ನಿಂತ ಹೆಣ್ಮಗಳು ಬಾಯಿ ಬಿಟ್ಟ ಕೇಳಿದ ಮ್ಯಾಲೆ ಇಲ್ಲ ಅನ್ನಾಕ ಬರತೈತೇನ? ನಮ್ಮ ಕಡೆ ಹಂಗ ಖಾಲಿ ಕಳಸೂದಿಲ್ಲ. ಮನಿಗೆ ಬಂದ ಇವರಿಗೆ ಹೇಳಿದೆ.”

ವಿನೋದಕ್ಕನಿಗೆ ಆ ಸಂಜೆ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಜಯಶೀಲ ಆಗಷ್ಟೇ ಕೆಲಸ ಬಿಟ್ಟಿದ್ದ. ಅವಳು ಅದನ್ನು ಬೇಡಿಕೆಯೆಂದು ಹೇಳಿರಲಿಲ್ಲ. ಕರಾವಳಿಯ ಅವಳ ಊರಿನ ಕಡೆ ನಾಲ್ಕು ಹೆಂಗಸರು ಸೇರಿದರೆ ಹೊಟ್ಟೆಯ ಸಂಕಟ ಹೇಳಿಕೊಳ್ಳುತ್ತಾರೆ, ಕೇಳಿದವರು ಹೌದಾ ಎಂದು ಮರೆಯುತ್ತಾರೆ. ಇವರು ಮರೆತಿರಲಿಲ್ಲ. ಉಡಿ ಒಡ್ಡಿ ನಿಂತಾಗ ಆಡಿದ ಮಾತಿಗೆ ಇವರಲ್ಲಿ ಇಷ್ಟು ತೂಕವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹಾಗಾದರೆ ನಾಲ್ಕು ವರ್ಷ ಫಟಾಫಟ್ ಓಡಿಸಿದ್ದು ಮಕ್ಕಳಲ್ಲ, ಅವಳ ನಾಲಗೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಕಾಳವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಹೊರಟಾಗ ಶಿವಪ್ಪ, “ಈ ಸಲದ ಆರುನೂರೂ ಕಳಸ್ರಿ, ಏನ್ ತೊಂದ್ರಿ ಇಲ್ಲ,” ಎಂದರು. ಅದನ್ನು ಕೇಳಿ ಅವಳಿಗೆ ಅಳುವೇ ಬಂತು.

ಮನೆಗೆ ಬಂದು ಜಯಶೀಲನಿಗೆ ಎಲ್ಲ ಹೇಳಿದಳು. ಅವನು ಮೊಣಕಾಲಿಗೆ ಎಣ್ಣೆ ಹಚ್ಚುತ್ತ ಪೂರ್ತಿ ಕೇಳಿದ. “ನೀನು ಬಾಯಿ ಬಿಡದಿದ್ದರೆ ಯಾರಿಗೆ ಗೊತ್ತಾಗ್ತದೆ? ಚಿಪ್ ಎತ್ತಲಿ. ಎರಡು ವರ್ಷ ಕಳೆದೀತು. ಅವರಿಗೇ ತೊಂದರೆ ಇಲ್ಲ ಅಂದ ಮೇಲೆ ನಿನಗೆ ಎಂತ?”

ವಿನೋದಕ್ಕನಿಗೆ ಸಿಟ್ಟು ಬಂದುಬಿಟ್ಟಿತು. ಅವನು ತಪ್ಪು ಹೇಳಿದ ಎಂದಲ್ಲ. ಕಲ್ಯಾಣದಿಂದ ಠಾಣೆಯವರೆಗೂ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಅವಳು ಯೋಚಿಸಿದ್ದೂ ಅದನ್ನೇ. ಸುಮ್ಮನಿದ್ದರೆ ಎರಡು ವರ್ಷದ ಪಗಾರ. ಸುಮ್ಮನಿರುವುದು ಎಷ್ಟು ಸುಲಭ! ಆದರೆ ಎರಡು ವರ್ಷ ಕಳೆದ ಮೇಲೆ ಲೈನು ಹೇಗೂ ನಿಲ್ಲುತ್ತದೆ, ಆಗ ಮಹಾಪೆಯ ಬಸ್ಸು ಇರುವುದಿಲ್ಲ. ಲೈನಿನ ಏಳು ಮಂದಿಯಲ್ಲಿ ಇಬ್ಬರಿಗೆ ಆಗ ನಲವತ್ತೈದು ದಾಟಿರುತ್ತದೆ. ಬೋರ್ಡಿಗೆ ಬೆಸುಗೆ ಹಾಕುವ ಪೂಜಿತಾಳಿಗೆ ಇಪ್ಪತ್ತಾರು, ಮಗು ಇನ್ನೂ ಬಾಲವಾಡಿ. ಪಿಎಫ್ ಎಂಬುದನ್ನು ಅವಳು ಕನಸಿನಲ್ಲೂ ಕಂಡಿಲ್ಲ. ತನ್ನ ಎರಡು ವರ್ಷಕ್ಕೆ ಅವಳ ಮೂವತ್ತು ವರ್ಷ ತಿನ್ನುವುದೇ? “ನೀವು ಎಣ್ಣೆ ಹಚ್ಚಿಕೊಳ್ಳಿ,” ಎಂದು ಗಂಡನಿಗೆ ಹೇಳಿ ಅಡಿಗೆಮನೆಗೆ ಹೋದಳು.

ಶನಿವಾರ ಬೆಳಗ್ಗೆ ಚಪ್ಪಲಿ ಬಿಟ್ಟವಳೇ ನೇರ ಗಾಜಿನ ಗೂಡಿಗೆ ಹೋದಳು. ತಾರಾನಾಥರು ಊದುಬತ್ತಿ ಹಚ್ಚುತ್ತಿದ್ದರು.

“ತಾರಾನಾಥಣ್ಣ, ಇವತ್ತು ನೀವು ಕೇಳಬೇಡಿ, ನಾನೇ ಹೇಳ್ತೇನೆ. ಫಟಾಫಟ್ ನಿಲ್ಲಿಸಿ.”

ಅವರು ಊದುಬತ್ತಿ ಹಿಡಿದುಕೊಂಡೇ ಕುಳಿತರು. ಅವಳು ಅಟ್ಟ, ಮಂಚದ ಕೆಳಗು, ಒಡೆಯದ ಸೀಲು ಎಲ್ಲ ಹೇಳಿದಳು. ಅವರ ಮುಖ ಕೆಂಪಾಗುತ್ತ ಬಂತು. ಮೂವತ್ತು ವರ್ಷದ ಹಿಂದೆ ಕಾಪುವಿನಿಂದ ಬರಿಗೈಯಲ್ಲಿ ಬಂದು, ಹೊಟೇಲಿನಲ್ಲಿ ಲೋಟ ತೊಳೆದು, ರೇಡಿಯೊ ರಿಪೇರಿ ಕಲಿತು ಈ ಗಾಳಾ ಮಾಡಿದ ಮನುಷ್ಯ. ಯಾರ ಋಣವೂ ಬೇಡ ಎನ್ನುವ ಜಾತಿ.

“ನನಗೆ ಭಿಕ್ಷೆ ಹಾಕಿದನಾ ಆ ಶಿವಪ್ಪ? ನಾಲ್ಕು ವರ್ಷ?”

“ನಿಮಗಲ್ಲ, ನನಗೆ. ಕೇಳಿದ್ದು ನಾನು.” ಉಡಿ ತುಂಬಿದ ಸಂಗತಿಯನ್ನೂ ಬಿಡದೆ ಹೇಳಿದಳು.

ತಾರಾನಾಥರ ಕೈಯ ಊದುಬತ್ತಿಯ ಬೂದಿ ಮೇಜಿನ ಮೇಲೆ ಬಿತ್ತು. “ನಾನು ವರ್ಷಕ್ಕೆ ಎರಡು ಸಲ ನಿನ್ನನ್ನೇ ಕೇಳ್ತಿದ್ದೆ ವಿನೋದ.”

“ಹೌದು. ನನಗೂ ನಡೆಯುವುದೇ ಬೇಕಿತ್ತು. ಅದಕ್ಕೇ ಬೇರೆ ಏನೂ ಕಾಣಲಿಲ್ಲ.”

ತಾರಾನಾಥರು ನಿಟ್ಟುಸಿರು ಬಿಟ್ಟರು. ಸಿಟ್ಟು ಇಳಿದು ಹೋಗಿ ಅವರು ಇದ್ದಕ್ಕಿದ್ದಂತೆ ಮುದುಕರಾದ ಹಾಗೆ ಕಂಡರು. ಫೋನೆತ್ತಿ ಚಿಪ್ಪಿನ ಏಜೆಂಟನಿಗೆ ಹಿಂದಿಯಲ್ಲಿ ಎರಡೇ ಮಾತು ಹೇಳಿದರು, ಲಾಟು ಬೇಡ, ಬೇರೆಯವರಿಗೆ ಕೊಡು. ಫೋನಿಟ್ಟು ಕೇಳಿದರು: “ಮತ್ತೆ ನೀನು? ನಿನಗೆ ನಾನು ಏನಾದರೂ ನೋಡ್ತೇನೆ. ಆಫೀಸಿನಲ್ಲಿ ಕೂತುಕೋ, ಫೈಲು ಗೀಲು...”

“ಬೇಡ ಅಣ್ಣ. ಇನ್ನು ಯಾರ ದಾಕ್ಷಿಣ್ಯವೂ ಬೇಡ. ಎಲ್ಲಿಯಾದರೂ ಅಡಿಗೆ ಕೆಲಸ ನೋಡ್ತೇನೆ, ಕೈ ಗಟ್ಟಿ ಉಂಟು.” ಹೇಳಿದ್ದು ಧೈರ್ಯವಾಗಿ. ಐವತ್ತೆರಡಕ್ಕೆ ಕೆಲಸ ಯಾರು ಕೊಡುತ್ತಾರೆಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

“ಲೈನಿಗೆ ನೀನೇ ಹೇಳು,” ಎಂದರು ತಾರಾನಾಥರು. “ನನ್ನಿಂದಾಗದು.”

ವಿನೋದಕ್ಕ ಹೊರಗೆ ಬಂದಾಗ ಏಳೂ ಮಂದಿ ಏಪ್ರನ್ ಕಟ್ಟಿ ಕುಳಿತಿದ್ದರು. ಅವಳು ಟಿವಿಯ ಪಕ್ಕ ನಿಂತು, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದಳು. ಫಟಾಫಟ್ ನಿಂತಿತು. ಮಹಾಪೆಯಲ್ಲಿ ಕೆಲಸವಿದೆ, ಏಳು ಮಂದಿಗೂ ಇದೆ. ಸೋಮವಾರದೊಳಗೆ ಹೆಸರು ಕೊಡಬೇಕು, ಬುಧವಾರವೇ ಹೇಳಬೇಕಿತ್ತು, ಹೇಳದೆ ಇದ್ದದ್ದು ನನ್ನ ತಪ್ಪು.

ಗಲಾಟೆಯಾಗುತ್ತದೆ, ಒಬ್ಬಿಬ್ಬರಾದರೂ ಸಿಟ್ಟಾಗುತ್ತಾರೆ ಎಂದು ಅವಳು ಕಾದಳು. ಆದರೆ ಎಲ್ಲರೂ ಪೂಜಿತಾಳ ಕಡೆ ನೋಡಿದರು. ಪೂಜಿತಾ ಎದ್ದು, ಗೂಟಕ್ಕೆ ನೇತು ಹಾಕಿದ್ದ ಚೀಲದಿಂದ ಪ್ಲಾಸ್ಟಿಕ್ ಫೈಲೊಂದನ್ನು ತೆಗೆದು ವಿನೋದಕ್ಕನ ಮುಂದಿಟ್ಟಳು. ಒಳಗೆ ಮಹಾಪೆ ಕಂಪನಿಯ ಏಳು ಫಾರಮ್ಮು. ಏಳಕ್ಕೂ ಫೋಟೊ ಅಂಟಿಸಿತ್ತು, ಸಹಿಯೂ ಆಗಿತ್ತು. ತಾರೀಕಿನ ಜಾಗ ಮಾತ್ರ ಖಾಲಿ.

“ಇದು ಎಲ್ಲಿಂದ?” ಎಂದಳು ವಿನೋದಕ್ಕ.

“ನನ್ನ ಗಂಡ ಗುರುವಾರ ಮಹಾಪೆಗೆ ಹೋಗಿ ತಂದರು,” ಎಂದು ಪೂಜಿತಾ ಎಂದಿನ ತನ್ನ ಹಿಂದಿಯಲ್ಲೇ ಹೇಳಿದಳು. ಠಾಣೆಯಲ್ಲೇ ಹುಟ್ಟಿದ ಹುಡುಗಿ, ಅವಳ ಬಾಯಲ್ಲಿ ಕನ್ನಡ ಬಂದದ್ದನ್ನು ಯಾರೂ ಕೇಳಿರಲಿಲ್ಲ. “ಇಲ್ಲಿ ನಿಮ್ಮಿಬ್ಬರ ಕನ್ನಡ ಕೇಳಿ ಕೇಳಿ, ಅವತ್ತು ಆ ಸರ್ ಕನ್ನಡದಲ್ಲಿ ಹೇಳಿದ್ದೆಲ್ಲ ನನಗೆ ಅರ್ಥ ಆಗಿತ್ತು ಅಕ್ಕ. ನಲವತ್ತೈದರ ಮಾತೂ ಅರ್ಥ ಆಗಿತ್ತು. ಸಂಜೆಯೇ ಇವರಿಗೆಲ್ಲ ಹೇಳಿದೆ. ನಾವು ಹೋದರೆ ನೀವೊಬ್ಬರೇ ಉಳಿಯುತ್ತೀರಿ. ಅಕ್ಕ ತಾವಾಗಿ ಹೋಗಿ ಅನ್ನುವವರೆಗೆ ಕೊಡುವುದು ಬೇಡ ಅಂತ ಎಲ್ಲರೂ ಸೇರಿ ಮಾತಾಡಿಕೊಂಡೆವು.”

“ಮತ್ತೆ ಸೋಮವಾರದೊಳಗೆ ನಾನು ಹೇಳದೇ ಇದ್ದಿದ್ದರೆ?”

ಸ್ಕ್ರೂ ಕೂರಿಸುವ ಹೆಂಗಸು ತಲೆ ತಗ್ಗಿಸಿ ಏಪ್ರನ್ನಿನ ಅಂಚು ಮಡಚತೊಡಗಿದಳು. ಫಾರಮ್ಮು ಚೀಲದಲ್ಲೇ ಉಳಿಯುತ್ತಿತ್ತು ಎಂದು ವಿನೋದಕ್ಕನಿಗೆ ತಿಳಿಯಿತು.

ವಿನೋದಕ್ಕನಿಗೆ ಏಳೂ ಮಂದಿಯನ್ನು ಹಿಡಿದು ಬೈಯಬೇಕೆನಿಸಿತು. ಹುಚ್ಚು ಮುಂಡೇವಾ, ಮಕ್ಕಳ ಅನ್ನ ಬಿಟ್ಟು ನನ್ನ ಮುಖ ನೋಡುತ್ತ ಕೂತಿರಾ ಎಂದು ಕೇಳಬೇಕೆನಿಸಿತು. ಆದರೆ ಕಣ್ಣು ತುಂಬಿ ಬಂತು, ಅದನ್ನು ಅಡಗಿಸಲಿಕ್ಕೂ ಅವಳು ಹೋಗಲಿಲ್ಲ. ಪೂಜಿತಾ ಪೆನ್ನಿನ ಮುಚ್ಚಳ ತೆಗೆದು ಮೊದಲನೆಯ ಫಾರಮ್ಮಿನ ಮೇಲೆ ಬಾಗಿದಳು.

“ತಾರೀಕು ಯಾವುದು ಹಾಕಲಿ ಅಕ್ಕ?”

“ಹದಿಮೂರು,” ಎಂದಳು ವಿನೋದಕ್ಕ. “ಇವತ್ತಿನದ್ದೇ ಹಾಕು. ನಾಳೆ ಅಂದರೆ ನಾನು ಮನಸ್ಸು ಬದಲಾಯಿಸಿಬಿಡ್ತೇನೆ.”